ವೃದ್ಧಾಶ್ರಮದ ಔಷಧ ಕಪಾಟು

ವೈದ್ಯರು ರೋಗವನ್ನು ಗುರುತಿಸಿ ಔಷಧದ ಚೀಟಿಯನ್ನು ಬರೆದುಕೊಟ್ಟೊಡನೆ ಚಿಕಿತ್ಸೆಯು ಮುಗಿಯಿತೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವದಲ್ಲಿ ಅದು ಆರಂಭವಾಗುವುದೇ ಆ ಬಳಿಕ. ಚೀಟಿಯಲ್ಲಿ ಬರೆದ ಔಷಧವು ಅಂಗಡಿಯಿಂದ ಬರಬೇಕು. ಬಂದದ್ದು ಕೆಡದಂತೆ ಇರಬೇಕು. ಹೇಳಿದ ಹೊತ್ತಿಗೆ, ಹೇಳಿದ ಪ್ರಮಾಣದಲ್ಲಿ, ಯಾರಿಗೆ ಬರೆದದ್ದೋ ಅವರಿಗೇ ಸೇರಬೇಕು. ಮುಗಿಯುವ ಮೊದಲೇ ಮತ್ತೆ ತರಿಸಬೇಕು. ಮನೆಯಲ್ಲಿ ಒಬ್ಬ ಅಜ್ಜಿಯೋ ತಾತನೋ ಇದ್ದಾಗ ಈ ಕೆಲಸವನ್ನು ಮಗಳೋ ಸೊಸೆಯೋ ನೆನಪಿನ ಬಲದಿಂದಲೇ ನಡೆಸಿಬಿಡುವುದುಂಟು. ಆದರೆ ನಲವತ್ತು ಮಂದಿ ವೃದ್ಧರು ಒಂದೇ ಸೂರಿನ ಕೆಳಗೆ ವಾಸಿಸುವ ಕಡೆ ನೆನಪು ಸಾಲದು. ಅಲ್ಲಿ ಎಣಿಕೆ, ಅಳತೆ, ದಾಖಲೆಗಳು ಬೇಕು; ಅಂದರೆ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ನಾವು ಕಲಿಸಲು ಹೆಣಗುವ ಶಿಸ್ತೇ ಬೇಕು.

ಈ ಶಿಸ್ತನ್ನು ಬಹುಕಾಲದಿಂದ ವ್ಯವಸ್ಥಿತವಾಗಿ ಬೆಳೆಸಿಕೊಂಡು ಬಂದಿರುವ ದೇಶಗಳಲ್ಲಿ ಇಂಗ್ಲೆಂಡ್ ಒಂದು. ಅಲ್ಲಿಯ ವೃದ್ಧಾಶ್ರಮಗಳಲ್ಲಿ ಔಷಧಗಳನ್ನು ನಿರ್ವಹಿಸುವ ಬಗೆಯನ್ನು ಕುರಿತು ಆರೋಗ್ಯಕ್ಷೇತ್ರದ ರಾಷ್ಟ್ರೀಯ ಸಂಸ್ಥೆಯೊಂದು 2014ರಲ್ಲಿ ಪ್ರತ್ಯೇಕ ಮಾರ್ಗದರ್ಶಿಯನ್ನೇ ಹೊರಡಿಸಿತು. ಆ ಪದ್ಧತಿಯ ಹಿಂದಿರುವ ಗಣಿತವೇನು, ಭೌತಶಾಸ್ತ್ರವೇನು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸೋಣ.

ಸಂಖ್ಯೆಗಳ ಭಾರ

2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಗ್ಲೆಂಡಿನ 55 ವೃದ್ಧಾಶ್ರಮಗಳ 256 ನಿವಾಸಿಗಳ ಔಷಧಗಳನ್ನು ತಜ್ಞರು ಪರಿಶೀಲಿಸಿದರು. ಒಬ್ಬೊಬ್ಬರು ಸರಾಸರಿ 8 ಔಷಧಗಳನ್ನು ಸೇವಿಸುತ್ತಿದ್ದರು. ನೂರಕ್ಕೆ ಸುಮಾರು 70 ಮಂದಿಯ ವಿಷಯದಲ್ಲಿ ಒಂದಾದರೂ ತಪ್ಪು ಕಂಡುಬಂತು. ಚೀಟಿ ಬರೆಯುವುದರಲ್ಲಿ, ಅಂಗಡಿಯಲ್ಲಿ ಕೊಡುವುದರಲ್ಲಿ, ಆಶ್ರಮದಲ್ಲಿ ನುಂಗಿಸುವುದರಲ್ಲಿ, ಆಮೇಲೆ ಪರಿಣಾಮವನ್ನು ಗಮನಿಸುವುದರಲ್ಲಿ, ಹೀಗೆ ಎಲ್ಲ ಹಂತಗಳಲ್ಲಿಯೂ ತಪ್ಪುಗಳಿದ್ದವು. ಸರಾಸರಿಯಲ್ಲಿ ಅವುಗಳಿಂದ ಒದಗಬಹುದಾದ ಹಾನಿ ಹೆಚ್ಚಿನದಾಗಿರಲಿಲ್ಲವೆಂಬುದು ನಿಜ. ಆದರೂ ಸಂಖ್ಯೆಯು ನಮ್ಮನ್ನು ಬೆಚ್ಚಿಬೀಳಿಸುವಂಥದು.

ಇದರಿಂದ ಅಲ್ಲಿಯ ದಾದಿಯರೆಲ್ಲ ಅಜಾಗರೂಕರೆಂದು ತೀರ್ಮಾನಿಸುವುದು ಸರಿಯೆ? ಸಂಭವಗಣಿತವನ್ನು ಕೇಳೋಣ. ಯಾವುದಾದರೊಂದು ಔಷಧವು ಎಲ್ಲ ಹಂತಗಳನ್ನೂ ಸರಿಯಾಗಿ ದಾಟಿಬರುವ ಸಂಭವ ನೂರಕ್ಕೆ 86 ಎಂದಿಟ್ಟುಕೊಳ್ಳಿ. ಒಂದರ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧವಿಲ್ಲವೆಂದೂ ಭಾವಿಸಿ. ಆಗ ಎಂಟು ಔಷಧಗಳೂ ಸರಿಯಾಗಿರುವ ಸಂಭವವು 0.86ರ ಎಂಟನೆಯ ಘಾತ, ಎಂದರೆ ಸುಮಾರು 0.30. ಉಳಿದ ನೂರಕ್ಕೆ 70ರಲ್ಲಿ ಒಂದಾದರೂ ತಪ್ಪು ನುಸುಳುತ್ತದೆ. ಒಂದೊಂದೇ ಕೊಂಡಿಯನ್ನು ನೋಡಿದರೆ ಸರಪಣಿಯು ಗಟ್ಟಿಯಾಗಿಯೇ ತೋರುತ್ತದೆ. ಎಂಟು ಕೊಂಡಿಗಳು ಸೇರಿದಾಗ ಅದರ ದೌರ್ಬಲ್ಯವು ಹೊರಬೀಳುತ್ತದೆ.

ಇನ್ನೊಂದು ಲೆಕ್ಕ. ನಲವತ್ತು ನಿವಾಸಿಗಳು, ಒಬ್ಬರಿಗೆ 8 ಔಷಧ, ಒಂದೊಂದನ್ನೂ ದಿನಕ್ಕೆ ಸರಾಸರಿ ಒಂದೂವರೆ ಸಲ ಕೊಡಬೇಕೆಂದರೆ ದಿನಕ್ಕೆ 480 ಸಲ ಕೈಯಾಡಬೇಕು. ಇಂಗ್ಲೆಂಡಿನಲ್ಲಿ ಔಷಧಗಳನ್ನು ವಾಡಿಕೆಯಾಗಿ 28 ದಿನಗಳ ಆವರ್ತದಲ್ಲಿ ತರಿಸುತ್ತಾರೆ. ಒಂದು ಆವರ್ತದಲ್ಲಿ 13,440 ಸಲ! ಸಾವಿರಕ್ಕೆ ಒಂದು ಮಾತ್ರ ತಪ್ಪಾಗುವಷ್ಟು ಎಚ್ಚರದಿಂದ ನಡೆದುಕೊಂಡರೂ ಆವರ್ತಕ್ಕೆ 13 ತಪ್ಪುಗಳು ಉಳಿಯುತ್ತವೆ. ಆದುದರಿಂದ ‘ಜಾಗರೂಕರಾಗಿರಿ’ ಎಂಬ ಉಪದೇಶವೊಂದರಿಂದಲೇ ಕೆಲಸ ಸಾಗದು. ಆದ ತಪ್ಪು ತಾನಾಗಿಯೇ ಬೆಳಕಿಗೆ ಬರುವಂಥ ಏರ್ಪಾಡು ಬೇಕು.

ಲೆಕ್ಕವೂ ಒಂದು ಮಾಪನೋಪಕರಣ

ಆ ಏರ್ಪಾಡು ಬಹು ಸರಳವಾದದ್ದು. ಪ್ರತಿಯೊಬ್ಬ ನಿವಾಸಿಗೂ ಒಂದು ಔಷಧ ದಾಖಲೆಯ ಹಾಳೆಯಿರುತ್ತದೆ. ಔಷಧದ ಹೆಸರು, ಪ್ರಮಾಣ, ಕೊಡಬೇಕಾದ ಹೊತ್ತು ಇವುಗಳನ್ನು ಅದರಲ್ಲಿ ಬರೆದು, ಕೊಟ್ಟೊಡನೆ ಕೊಟ್ಟವರು ರುಜು ಹಾಕುತ್ತಾರೆ. ನಿವಾಸಿಯು ಬೇಡವೆಂದರೆ, ಆಸ್ಪತ್ರೆಗೆ ಹೋಗಿದ್ದರೆ, ಗುಳಿಗೆಯು ನೆಲಕ್ಕೆ ಬಿದ್ದರೆ ಅದನ್ನೂ ಗುರುತಿಸುತ್ತಾರೆ. ಹೊಸ ಸರಕು ಬಂದಾಗ ಎಷ್ಟು ಬಂತೆಂಬುದನ್ನೂ, ಹಿಂದಿನ ಆವರ್ತದಿಂದ ಎಷ್ಟು ಉಳಿದಿತ್ತೆಂಬುದನ್ನೂ ಅದೇ ಹಾಳೆಯಲ್ಲಿ ಬರೆಯುತ್ತಾರೆ. ಆಗ ಯಾವ ದಿನ ನೋಡಿದರೂ ಈ ಸಮೀಕರಣವು ಹೊಂದಬೇಕು:

ಆರಂಭದ ಶಿಲ್ಕು + ಬಂದದ್ದು − ಕೊಟ್ಟದ್ದು − ಹಾಳಾದದ್ದು = ಈಗಿನ ಶಿಲ್ಕು

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಪರಿಚಿತವಾದ ಮುಖ. ವಿದ್ಯುದಾವೇಶವಾಗಲಿ ಶಕ್ತಿಯಾಗಲಿ ತಾನಾಗಿ ಹುಟ್ಟುವುದಿಲ್ಲ, ತಾನಾಗಿ ಅಳಿಯುವುದಿಲ್ಲ, ಗುಳಿಗೆಯೂ ಹಾಗೆಯೇ. ಲೆಕ್ಕ ಹೊಂದದಿದ್ದರೆ ನಾವು ಕಾಣದ ಯಾವುದೋ ಘಟನೆ ನಡೆದಿದೆಯೆಂದೇ ಅರ್ಥ.

ಒಂದು ನಿದರ್ಶನ. ಮೂರ್ಛೆರೋಗವುಳ್ಳ ಒಬ್ಬ ವೃದ್ಧರಿಗೆ ಸೋಡಿಯಂ ವ್ಯಾಲ್‌ಪ್ರೊಯೇಟ್ ಗುಳಿಗೆಯನ್ನು ದಿನಕ್ಕೆ ಎರಡರಂತೆ ಕೊಡಬೇಕಾಗಿದೆ. ಆವರ್ತದ ಮೊದಲಲ್ಲಿ 8 ಗುಳಿಗೆ ಇದ್ದವು, 56 ಬಂದವು. ಹದಿನೈದು ದಿನಗಳಲ್ಲಿ 30 ಕೊಟ್ಟುದಕ್ಕೆ ರುಜುವಿದೆ; ಒಂದು ನೆಲಕ್ಕೆ ಬಿದ್ದು ಹಾಳಾಯಿತೆಂಬ ಗುರುತಿದೆ. ಉಳಿಯಬೇಕಾದದ್ದು 33. ಎಣಿಸಿದಾಗ 36 ಸಿಕ್ಕಿದವು. ಅಂಗಡಿಯ ಲೆಕ್ಕಿಗನಾದರೆ ಮೂರು ಹೆಚ್ಚಾಯಿತೆಂದು ಸಂತೋಷಪಟ್ಟಾನು. ಇಲ್ಲಿ ಅದರ ಅರ್ಥವೇ ಬೇರೆ: ಬಂದದ್ದರ ಎಣಿಕೆ ಸರಿಯಾಗಿದ್ದರೆ, ಮೂರು ಸಲ ರುಜು ಬಿದ್ದಿದೆ, ಔಷಧವು ಮಾತ್ರ ಹೊಟ್ಟೆ ಸೇರಿಲ್ಲ.

ಈ ಮೂರು ಗುಳಿಗೆಗಳ ಬೆಲೆ ಕೆಲವೇ ರೂಪಾಯಿ. ಆದರೆ ಯಾರೂ ಎಣಿಸಲಿಲ್ಲವೆಂದು ಭಾವಿಸಿ. ಔಷಧವು ತಪ್ಪಿದುದರಿಂದ ಆ ವೃದ್ಧರಿಗೆ ಮತ್ತೆ ಮೂರ್ಛೆ ಬರುತ್ತದೆ. ವೈದ್ಯರು ಬಂದು ಹಾಳೆಯನ್ನು ನೋಡುತ್ತಾರೆ. ಎಲ್ಲ ರುಜುಗಳೂ ಇವೆ. ಈ ಪ್ರಮಾಣವು ಸಾಲದೆಂದು ತಿಳಿದು ಅವರು ಅದನ್ನು ಹೆಚ್ಚಿಸುತ್ತಾರೆ. ಮುಂದಿನ ವಾರ ಹೊಸ ಪ್ರಮಾಣವನ್ನು ಒಂದೂ ತಪ್ಪದಂತೆ ಕೊಟ್ಟಾಗ ಔಷಧವು ಅತಿಯಾಗಿ ಮಂಪರು, ನಡುಕಗಳು ಬರುತ್ತವೆ. ಆ ವಯಸ್ಸಿನಲ್ಲಿ ಕಾಲು ತಡವರಿಸಿ ಬಿದ್ದರೆ ತೊಡೆಯ ಮೂಳೆ ಮುರಿಯಬಹುದು. ಈ ಸರಣಿಯನ್ನು ಮೊದಲ ಮೆಟ್ಟಿಲಲ್ಲಿಯೇ ತಡೆಯಬಲ್ಲದ್ದು ಯಾವುದು? ವಾರಕ್ಕೊಮ್ಮೆ ಡಬ್ಬಿಯನ್ನು ತೆರೆದು ಎಣಿಸಿ ನೋಡುವ ಐದು ನಿಮಿಷದ ಕೆಲಸ. ದಾಸ್ತಾನಿನ ಲೆಕ್ಕವು ಕಪಾಟನ್ನು ಅಳೆಯುವಂತೆ ತೋರಿದರೂ ನಿಜವಾಗಿ ಅದು ಅಳೆಯುವುದು ರೋಗಿಯ ದೇಹಕ್ಕೆ ಸೇರಿದ ಔಷಧವನ್ನು.

ಎಲ್ಲ ಉಪಕರಣಗಳಂತೆ ಇದಕ್ಕೂ ಮಿತಿಗಳಿವೆ. ಒಂದು ದಿನ ಎರಡು ಹೆಚ್ಚಾಗಿ, ಮರುದಿನ ಎರಡು ಕಡಮೆಯಾಗಿ ಕೊಟ್ಟರೆ ಎಣಿಕೆಯು ಸರಿಯಾಗಿಯೇ ಬರುತ್ತದೆ. ಹೊತ್ತು ತಪ್ಪಿದುದನ್ನೂ ಅದು ಹೇಳಲಾರದು. ಕಂಪವಾತದ ರೋಗಿಗಳಿಗೆ ಕೊಡುವ ಲೆವೊಡೋಪಾ ಒಂದು ಗಂಟೆ ತಡವಾದರೂ ಕೆಲವರಿಗೆ ಕೈಕಾಲು ಬಿಗಿದು ಏಳಲಾಗುವುದಿಲ್ಲ. ಆದಕಾರಣ ರುಜುವಿನೊಡನೆ ಕೊಟ್ಟ ಹೊತ್ತನ್ನೂ ಬರೆಯುವುದು ಇಂಥ ಔಷಧಗಳಿಗೆ ಅವಶ್ಯ.

ಬಾಟಲಿಯಲ್ಲಿರುವ ಔಷಧ

ಗುಳಿಗೆಗಳನ್ನು ಎಣಿಸಬಹುದು, ದ್ರವವನ್ನು ಅಳೆಯಬೇಕು. ಎಣಿಕೆಯಲ್ಲಿ ಪೂರ್ಣ ನಿಷ್ಕೃಷ್ಟತೆ ಸಾಧ್ಯ, ಅಳತೆಯಲ್ಲಿ ಸಾಧ್ಯವಿಲ್ಲ. 200 ಮಿಲಿಲೀಟರಿನ ಬಾಟಲಿಯಿಂದ 5 ಮಿಲಿಲೀಟರಿನಂತೆ 40 ಸಲ ಕೊಡಬೇಕೆನ್ನೋಣ. ಒಂದೊಂದು ಸಲವೂ ಕಾಲು ಮಿಲಿಲೀಟರಿನಷ್ಟು ದೋಷವಿರಬಹುದು. ಈ ದೋಷವು ಯಾದೃಚ್ಛಿಕವಾದರೆ, ಎಂದರೆ ಒಮ್ಮೆ ಹೆಚ್ಚು ಒಮ್ಮೆ ಕಡಮೆಯಾದರೆ, ಒಟ್ಟು ದೋಷವು 0.25ನ್ನು 40ರ ವರ್ಗಮೂಲದಿಂದ ಗುಣಿಸಿದಷ್ಟು, ಸುಮಾರು 1.6 ಮಿಲಿಲೀಟರ್. ಆದರೆ ಅಳತೆಯ ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿಯದೆ ಮೇಲಿನಿಂದ ನೋಡುವ ಅಭ್ಯಾಸವಿದ್ದರೆ ದೋಷವು ಪ್ರತಿಸಲವೂ ಒಂದೇ ಕಡೆಗೆ ವಾಲುತ್ತದೆ. ಆಗ ಒಟ್ಟು ದೋಷವು 0.25 × 40, ಅಂದರೆ 10 ಮಿಲಿಲೀಟರ್. ಎರಡು ಪೂರ್ತಿ ಪ್ರಮಾಣಗಳಷ್ಟು!

ಪ್ರಯೋಗಶಾಲೆಯಲ್ಲಿ ದ್ರವದ ಬಾಗುತಳವನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿರೆಂದು ಅಧ್ಯಾಪಕರು ಪದೇಪದೇ ಹೇಳುವುದು ಏಕೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಯಾದೃಚ್ಛಿಕ ದೋಷವು ತನ್ನನ್ನು ತಾನೇ ಬಹುಪಾಲು ತೊಡೆದುಕೊಳ್ಳುತ್ತದೆ. ವ್ಯವಸ್ಥಿತ ದೋಷವು ಸಾಲದ ಬಡ್ಡಿಯಂತೆ ಬೆಳೆಯುತ್ತಲೇ ಹೋಗುತ್ತದೆ. ಸಣ್ಣ ಪ್ರಮಾಣದ ದ್ರವೌಷಧಗಳಿಗೆ ಲೋಟಕ್ಕಿಂತ ಸೂಜಿಯಿಲ್ಲದ ಸಿರಿಂಜು ಉತ್ತಮ; ಅದರ ಕೊಳವೆಯು ಕಿರಿದಾದುದರಿಂದ ಒಂದು ಗೆರೆಯ ತಪ್ಪು ಕಡಮೆ ಗಾತ್ರಕ್ಕೆ ಸಮ.

ಎಷ್ಟು ತರಿಸಬೇಕು, ಯಾವಾಗ ತರಿಸಬೇಕು?

ಔಷಧವು ಮುಗಿದುಹೋಗಬಾರದು, ರಾಶಿಬೀಳಲೂ ಬಾರದು. ಮುಗಿದುಹೋದರೆ ಆಗುವ ಕೇಡು ತಿಳಿದೇ ಇದೆ. ರಾಶಿಬಿದ್ದರೆ ಅವಧಿ ತೀರುತ್ತದೆ. ವೈದ್ಯರು ನಿಲ್ಲಿಸಿದ ಹಳೆಯ ಔಷಧವು ಕಪಾಟಿನಲ್ಲೇ ಉಳಿದು ಕೈತಪ್ಪಿನಿಂದ ಹೊಸದರ ಜಾಗಕ್ಕೆ ಬರುತ್ತದೆ. ಎರಡರ ನಡುವಣ ಹಾದಿಯನ್ನು ಈ ಸೂತ್ರವು ತೋರಿಸುತ್ತದೆ:

ತರಿಸಬೇಕಾದ ಮಟ್ಟ = ದಿನದ ಬಳಕೆ × (ಸರಕು ತಲಪಲು ಬೇಕಾದ ದಿನಗಳು + ಮೀಸಲು ದಿನಗಳು)

ದಿನಕ್ಕೆ 2 ಗುಳಿಗೆ, ತಲಪಲು 5 ದಿನ, ಮೀಸಲು 4 ದಿನವೆಂದರೆ ಶಿಲ್ಕು 18ಕ್ಕೆ ಇಳಿದೊಡನೆ ಬರೆದು ಕಳುಹಿಸಬೇಕು. ಸೂತ್ರವು ಸುಲಭ, ಎಡವುವುದು ಬಳಕೆಯು ಬದಲಾದಾಗ. ಮೇಲಿನ ಔಷಧವನ್ನೇ 14 ದಿನಗಳು ಕಳೆದ ಮೇಲೆ ವೈದ್ಯರು ದಿನಕ್ಕೆ ಮೂರಕ್ಕೆ ಏರಿಸಿದರೆಂದು ಭಾವಿಸಿ. ಬಂದ 56ರಲ್ಲಿ ಉಳಿದದ್ದು 28. ಮೀಸಲಿನ 8 ಸೇರಿ 36. ಉಳಿದ 14 ದಿನಗಳಿಗೆ ಬೇಕಾದದ್ದು 42. ಕೊನೆಯ ಎರಡು ದಿನ ಡಬ್ಬಿ ಬರಿದು. ಪ್ರಮಾಣ ಬದಲಾದ ದಿನವೇ ಲೆಕ್ಕ ಹಾಕಿದ್ದರೆ ಹನ್ನೆರಡು ದಿನ ಮುಂಚೆಯೇ ಇದು ಗೊತ್ತಾಗುತ್ತಿತ್ತು. ವಿರುದ್ಧವಾಗಿ, ನಿವಾಸಿಯು ಹತ್ತು ದಿನ ಆಸ್ಪತ್ರೆಯಲ್ಲಿದ್ದು ಬಂದರೆ 20 ಗುಳಿಗೆ ಉಳಿಯುತ್ತವೆ. ಎಣಿಸದೆ ವಾಡಿಕೆಯಂತೆ 56ನ್ನೇ ತರಿಸುತ್ತ ಹೋದರೆ ಅವು ಎಂದೆಂದಿಗೂ ಕಪಾಟಿನ ಹಿಂದೆ ಕೂತಿರುತ್ತವೆ.

ನೋವಿಗೆ ಬೇಕಾದಾಗ ಮಾತ್ರ ಕೊಡುವ ಪ್ಯಾರಾಸಿಟಮಾಲ್‌ನಂಥ ಔಷಧಗಳ ವಿಷಯವೇ ಬೇರೆ. ಅವುಗಳ ಬಳಕೆಯು ಗೈಗರ್ ಎಣಿಕೆಗಾರದ ಟಿಕ್ ಟಿಕ್ ಸದ್ದಿನಂತೆ ಕ್ರಮವಿಲ್ಲದುದು. ತಿಂಗಳಿಗೆ ಸರಾಸರಿ 25 ಬೇಕಾದರೆ ತಿಂಗಳಿಂದ ತಿಂಗಳಿಗೆ ಅದರ ಏರಿಳಿತವು 25ರ ವರ್ಗಮೂಲದಷ್ಟು, ಎಂದರೆ ಸುಮಾರು 5. ಸರಾಸರಿಗೆ ಇದರ ಎರಡರಷ್ಟನ್ನು ಕೂಡಿಸಿ 35 ಇಟ್ಟುಕೊಂಡರೆ ಬಹುತೇಕ ಎಲ್ಲ ತಿಂಗಳುಗಳೂ ಸಾಗುತ್ತವೆ. ಇಂದು ನೋವಿದ್ದವರಿಗೆ ನಾಳೆಯೂ ನೋವಿರುವುದೇ ಹೆಚ್ಚಾದ ಕಾರಣ ನಿಜವಾದ ಏರಿಳಿತವು ಇದಕ್ಕಿಂತ ಸ್ವಲ್ಪ ದೊಡ್ಡದೆಂದು ತಿಳಿಯಬೇಕು.

ಕಪಾಟಿನಲ್ಲಿ ಜೋಡಿಸುವಾಗ ಮೊದಲು ಬಂದದ್ದನ್ನಲ್ಲ, ಮೊದಲು ಅವಧಿ ತೀರುವುದನ್ನು ಮುಂದಿಡಬೇಕು. ಕಣ್ಣಿನ ಹನಿಗಳಂಥವಕ್ಕೆ ತೆರೆದ ದಿನಾಂಕವನ್ನು ಬಾಟಲಿಯ ಮೇಲೆಯೇ ಬರೆಯಬೇಕು; ತೆರೆದ 28 ದಿನಗಳ ಮೇಲೆ ಅವುಗಳಲ್ಲಿ ಹೆಚ್ಚಿನವನ್ನು ಎಸೆಯುವುದು ವಾಡಿಕೆ. ಹೊರಗೆ ಅಚ್ಚಾದ ಅವಧಿಯು ಮುಚ್ಚಿದ ಬಾಟಲಿಗೆ ಮಾತ್ರ ಅನ್ವಯಿಸುತ್ತದೆ.

ಶಾಖ, ತೇವ, ಬೆಳಕು

ಕಪಾಟಿನಲ್ಲಿರುವ ಔಷಧವು ನಿಶ್ಚಲವಾಗಿ ಕಂಡರೂ ಅದರ ಅಣುಗಳು ನಿಧಾನವಾಗಿ ಒಡೆಯುತ್ತಲೇ ಇರುತ್ತವೆ. ಹೆಚ್ಚಿನ ಔಷಧಗಳಲ್ಲಿ ಸತ್ತ್ವವು ನೂರಕ್ಕೆ 90ಕ್ಕೆ ಇಳಿಯುವ ಕಾಲವನ್ನು ಆಧಾರವಾಗಿಟ್ಟುಕೊಂಡು ಬಾಳಿಕೆಯ ಅವಧಿಯನ್ನು ಗೊತ್ತುಮಾಡುತ್ತಾರೆ. ಉಷ್ಣತೆ ಏರಿದಂತೆ ಈ ಒಡೆಯುವಿಕೆ ಎಷ್ಟು ಬೇಗನಾಗುತ್ತದೆಂಬುದನ್ನು ಸ್ವೀಡನ್ನಿನ ವಿಜ್ಞಾನಿ ಅರ್ಹೇನಿಯಸ್ 1889ರಲ್ಲಿ ವಿವರಿಸಿದನು. ಅವನ ನಿಯಮದಂತೆ ಕ್ರಿಯಾವೇಗದ ಸ್ವಾಭಾವಿಕ ಲಾಗರಿತಮ್ಮು ನಿರಪೇಕ್ಷ ಉಷ್ಣತೆಯ ವಿಲೋಮದೊಡನೆ ಸರಳರೇಖೆಯಲ್ಲಿ ಇಳಿಯುತ್ತದೆ. ಆ ರೇಖೆಯ ಕಡಿದನ್ನು ನಿರ್ಧರಿಸುವುದು ಕ್ರಿಯೆಯ ಪ್ರಚೋದನ ಶಕ್ತಿ.

ಮೋಲಿಗೆ 83 ಕಿಲೋಜೂಲ್ ಪ್ರಚೋದನ ಶಕ್ತಿಯುಳ್ಳ ಒಂದು ಔಷಧವನ್ನು ತೆಗೆದುಕೊಳ್ಳೋಣ. ನೀರಿನೊಡನೆ ವರ್ತಿಸಿ ಒಡೆಯುವ ಅನೇಕ ಔಷಧಗಳ ಬೆಲೆ ಇದರ ಆಸುಪಾಸಿನಲ್ಲಿದೆ. ಲೆಕ್ಕ ಹಾಕಿದರೆ 25 ಡಿಗ್ರಿ ಸೆಲ್ಸಿಯಸಿಗಿಂತ 35 ಡಿಗ್ರಿಯಲ್ಲಿ ಅದು ಸುಮಾರು 3 ಪಟ್ಟು ವೇಗವಾಗಿ ಒಡೆಯುತ್ತದೆ. ಅಲ್ಲಿ ಎರಡು ವರ್ಷ ಬಾಳುವುದು ಇಲ್ಲಿ ಎಂಟೇ ತಿಂಗಳು ಬಾಳುತ್ತದೆ.

ಸರಾಸರಿ ಉಷ್ಣತೆಯನ್ನು ನಂಬುವುದೂ ಮೋಸವೇ. ಇದೇ ಔಷಧವು ಅರ್ಧ ದಿನ 20 ಡಿಗ್ರಿಯಲ್ಲಿಯೂ ಅರ್ಧ ದಿನ 40 ಡಿಗ್ರಿಯಲ್ಲಿಯೂ ಇದ್ದರೆ ಸರಾಸರಿ 30. ಆದರೆ 30 ಡಿಗ್ರಿಯ ವೇಗವನ್ನು 1 ಎಂದರೆ 20ರಲ್ಲಿ ಅದು 0.33, 40ರಲ್ಲಿ 2.87, ಸರಾಸರಿ ವೇಗ 1.6. ರಾತ್ರಿಯ ತಂಪಿನಿಂದ ಬಂದ ಲಾಭವು ಹಗಲಿನ ಬಿಸಿಯ ನಷ್ಟವನ್ನು ತುಂಬಿಕೊಡಲಾರದು. ಪಶ್ಚಿಮದ ಕಿಟಕಿಯ ಪಕ್ಕದಲ್ಲಿ, ಒಲೆಯ ಮೇಲಣ ಗೂಡಿನಲ್ಲಿ ಔಷಧವನ್ನು ಇಡಬಾರದೆಂಬುದಕ್ಕೆ ಇದೇ ಕಾರಣ.

ತೇವವು ಎರಡನೆಯ ಶತ್ರು. ಆಸ್ಪಿರಿನ್ ತೇವವನ್ನು ಹೀರಿ ಸ್ಯಾಲಿಸಿಲಿಕ್ ಆಮ್ಲವಾಗಿಯೂ ಅಸಿಟಿಕ್ ಆಮ್ಲವಾಗಿಯೂ ಒಡೆಯುತ್ತದೆ. ಹಳೆಯ ಡಬ್ಬಿಯನ್ನು ತೆರೆದಾಗ ಬರುವ ವಿನೆಗರ್ ವಾಸನೆಯು ಇದರ ಸಾಕ್ಷಿ. ವ್ಯಾಲ್‌ಪ್ರೊಯೇಟ್ ಗುಳಿಗೆಗಳೂ ಬಲು ಬೇಗ ತೇವವನ್ನು ಎಳೆದುಕೊಳ್ಳುತ್ತವೆ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮನೆಗಳಿರುವ ವಾರದ ಡಬ್ಬಿಯು ಕಣ್ಣಿಗೆ ಬಲು ಅನುಕೂಲ. ಆದರೆ ಇಂಥ ಔಷಧವನ್ನು ಅಲ್ಯೂಮಿನಿಯಮ್ ಹೊದಿಕೆಯಿಂದ ಮುಂಚಿತವಾಗಿ ಬಿಡಿಸಿ ಅದರಲ್ಲಿ ತುಂಬಿಟ್ಟರೆ ತಯಾರಕರು ಕೊಟ್ಟ ಕವಚವನ್ನೇ ಕಿತ್ತೆಸೆದಂತೆ. ಬೆಳಕು ಮೂರನೆಯದು. ರಕ್ತದೊತ್ತಡಕ್ಕೆ ಕೊಡುವ ನಿಫೆಡಿಪಿನ್ ಬೆಳಕಿಗೆ ಒಡ್ಡಿದರೆ ಕೆಡುತ್ತದೆ. ಕಂದು ಬಣ್ಣದ ಬಾಟಲಿ, ಬಣ್ಣದ ಸ್ಟ್ರಿಪ್‌ಗಳು ಅಲಂಕಾರಕ್ಕಾಗಿ ಬಂದವಲ್ಲ.

ಶೀತಲ ಪೆಟ್ಟಿಗೆ

ಇನ್ನೂ ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಯ ನಡುವೆ ಇಡಬೇಕು. ಶೈತ್ಯ ಒಳ್ಳೆಯದಾದರೆ ಇನ್ನಷ್ಟು ಶೈತ್ಯ ಇನ್ನಷ್ಟು ಒಳ್ಳೆಯದಲ್ಲವೆ ಎಂದು ಕೇಳಬಹುದು. ಅಲ್ಲ, ಹೆಪ್ಪುಗಟ್ಟಿದ ಇನ್ಸುಲಿನ್ನಿನ ಪ್ರೋಟೀನು ಗುಂಪುಗೂಡಿ ತನ್ನ ಶಕ್ತಿಯನ್ನು ಕಳೆದುಕೊಳ್ಳಬಹುದು, ಕರಗಿದ ಮೇಲೆ ಮೊದಲಿನಂತೆ ಕಂಡರೂ ಅದನ್ನು ಬಳಸಕೂಡದು. ರೆಫ್ರಿಜರೇಟರಿನಲ್ಲಿ ಮಂಜುಗಡ್ಡೆಯ ಖಾನೆಗೆ ತಗುಲಿದಂತೆ ಇಟ್ಟರೆ ಈ ಅಪಾಯವುಂಟು.

ಬೆಳಗ್ಗೆ ಬಾಗಿಲು ತೆರೆದು ಉಷ್ಣಮಾಪಕವನ್ನು ನೋಡಿದಾಗ 5 ಡಿಗ್ರಿಯಿದ್ದರೆ ರಾತ್ರಿಯೆಲ್ಲ 5 ಇತ್ತೆಂದು ಹೇಳಲಾಗದು. ಗರಿಷ್ಠ ಕನಿಷ್ಠ ಉಷ್ಣಮಾಪಕವೊಂದೇ ಅದನ್ನು ಹೇಳಬಲ್ಲದು. 1780ರಲ್ಲಿ ಜೇಮ್ಸ್ ಸಿಕ್ಸ್ ಎಂಬ ಆಂಗ್ಲನು ರೂಪಿಸಿದ, ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಓದಿ ಮರೆಯುವ ಆ ಬಾಗುಗೊಳವೆಯ ತತ್ತ್ವಕ್ಕೆ ಇಲ್ಲಿ ನಿತ್ಯದ ಉಪಯೋಗವಿದೆ. ಇಂದಿನವು ವಿದ್ಯುನ್ಮಾನ ಉಪಕರಣಗಳು. ವಿಧಿ ಮಾತ್ರ ಹಳೆಯದೇ. ದಿನಕ್ಕೊಮ್ಮೆ ಗರಿಷ್ಠ, ಕನಿಷ್ಠ, ಈಗಿನ ಉಷ್ಣತೆ ಮೂರನ್ನೂ ಬರೆದು, ಮರೆಯದೆ ಸೂಚಕವನ್ನು ಮರಳಿ ಹೊಂದಿಸಬೇಕು. ಹೊಂದಿಸದಿದ್ದರೆ ಹೋದ ತಿಂಗಳ ತಪ್ಪನ್ನೇ ದಿನವೂ ಓದುತ್ತಿರುತ್ತೇವೆ.

ಬೀಗ ಮತ್ತು ಎರಡು ರುಜು

ಮಾರ್ಫೀನಿನಂಥ ನಿಯಂತ್ರಿತ ಔಷಧಗಳಿಗೆ ಇಂಗ್ಲೆಂಡಿನಲ್ಲಿ 1973ರ ಸುರಕ್ಷಿತ ಪಾಲನೆಯ ನಿಯಮಗಳುಂಟು. ಅವುಗಳಿಗೆ ಪ್ರತ್ಯೇಕ ಬೀಗದ ಕಪಾಟು, ಪ್ರತ್ಯೇಕ ವಹಿ. ಪ್ರತಿಸಲವೂ ಕೊಟ್ಟವರೊಬ್ಬರು, ನೋಡಿದವರೊಬ್ಬರು ಎಂದು ಇಬ್ಬರ ರುಜು ಹಾಕುವ ವಾಡಿಕೆ. ಇಬ್ಬರು ಸ್ವತಂತ್ರವಾಗಿ ಎಣಿಸಿದಾಗ ನೂರಕ್ಕೆ ಒಂದು ತಪ್ಪುವವರೂ ಹತ್ತು ಸಾವಿರಕ್ಕೆ ಒಂದು ಮಾತ್ರ ತಪ್ಪುತ್ತಾರೆ. ಆದರೆ ‘ಸ್ವತಂತ್ರವಾಗಿ’ ಎಂಬ ಮಾತನ್ನು ಮರೆಯಬಾರದು; ಮೊದಲನೆಯವರ ಸಂಖ್ಯೆಯನ್ನು ನೋಡಿ ಎರಡನೆಯವರು ಹಾಕಿದ ರುಜುವಿಗೆ ಬೆಲೆಯಿಲ್ಲ.

ಒಬ್ಬರಿಗಾಗಿ ಬಂದ ಔಷಧವನ್ನು ಮತ್ತೊಬ್ಬರಿಗೆ ಕೊಡುವಂತಿಲ್ಲವೆಂಬುದು ಇನ್ನೊಂದು ಕಟ್ಟಳೆ. ಇದು ವ್ಯರ್ಥವೆಂದು ತೋರಬಹುದು. ಕೋವಿಡ್ ಪಿಡುಗಿನಲ್ಲಿ, 2020ರ ಏಪ್ರಿಲ್‌ನಲ್ಲಿ, ಅಲ್ಲಿಯ ಸರ್ಕಾರವು ಆಶ್ರಮಗಳಲ್ಲಿ ಔಷಧದ ಮರುಬಳಕೆಗೆ ತಾತ್ಕಾಲಿಕವಾಗಿ ಎಡೆಕೊಟ್ಟಿತು. ಅದಕ್ಕೂ ಕಟ್ಟುನಿಟ್ಟಿನ ಷರತ್ತುಗಳಿದ್ದವು. ಹೊದಿಕೆ ಒಡೆಯದಿರಬೇಕು, ಸರಿಯಾದ ಉಷ್ಣತೆಯಲ್ಲಿ ಇಟ್ಟಿರಬೇಕು ಎಂಬವು ಅವುಗಳಲ್ಲಿ ಮುಖ್ಯ. ಔಷಧವನ್ನು ನಂಬಬೇಕಾದರೆ ಅದರ ಪೂರ್ವಚರಿತ್ರೆಯು ತಿಳಿದಿರಬೇಕು.

ನಮ್ಮ ನಾಡಿನಲ್ಲಿ

ಭಾರತದಲ್ಲಿ 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಅಧಿನಿಯಮವು ಜಿಲ್ಲೆಗೊಂದಾದರೂ, ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಸ್ಥಳವಿರುವ ಆಶ್ರಮವನ್ನು ರಾಜ್ಯಸರ್ಕಾರವು ಸ್ಥಾಪಿಸಬಹುದೆಂದು ಹೇಳುತ್ತದೆ. ಖಾಸಗಿ ಆಶ್ರಮಗಳೂ ನಮ್ಮ ಊರುಗಳಲ್ಲಿವೆ. ಮೇಲೆ ಹೇಳಿದ ಲೆಕ್ಕಗಳಿಗೆ ದೇಶಭೇದವಿಲ್ಲ. ಒಂದು ನೂರು ಪುಟದ ನೋಟುಪುಸ್ತಕವೂ ಗೆರೆ ಎಳೆಯುವ ಕೈಯೂ ಇದ್ದರೆ ಸಾಕು.

ಹವೆಯ ಭೇದವು ಮಾತ್ರ ಉಂಟು. ಬೇಸಗೆಯಲ್ಲಿ ವಿದ್ಯುತ್ತು ನಿಂತಾಗ ಬಳಕೆಯಲ್ಲಿರುವ ಇನ್ಸುಲಿನ್ ಬಾಟಲಿಯನ್ನು ಒದ್ದೆ ಮಣ್ಣಿನ ಮಡಕೆಯಲ್ಲಿಡುವ ಉಪಾಯವನ್ನು ಕೆಲವರು ಅನುಸರಿಸುತ್ತಾರೆ. ನೀರು ಆವಿಯಾಗುವಾಗ ಮಡಕೆಯು ತಣ್ಣಗಾಗುತ್ತದೆ. ಆದರೆ ಒದ್ದೆ ಬುರುಡೆಯ ಉಷ್ಣಮಾಪಕವು ತೋರುವ ಮಟ್ಟಕ್ಕಿಂತ ಕೆಳಕ್ಕೆ ಇಳಿಯಲಾರದು. ರಾಯಚೂರಿನಂಥ ಒಣ ಹವೆಯಲ್ಲಿ, 38 ಡಿಗ್ರಿ ಶಾಖ, ನೂರಕ್ಕೆ 20 ಆರ್ದ್ರತೆಯಿದ್ದಾಗ, ಈ ಮಟ್ಟವು ಸುಮಾರು 21 ಡಿಗ್ರಿ. ಮಂಗಳೂರಿನಂಥ ಕರಾವಳಿಯಲ್ಲಿ, 32 ಡಿಗ್ರಿ ಶಾಖ, ನೂರಕ್ಕೆ 80 ಆರ್ದ್ರತೆಯಿದ್ದಾಗ, ಅದು ಸುಮಾರು 29. ಬಯಲುಸೀಮೆಯಲ್ಲಿ ನೆರವಾಗುವ ಮಡಕೆಯು ಕರಾವಳಿಯಲ್ಲಿ ಹೆಚ್ಚು ನೆರವಾಗದು. ತೆರೆಯದ ಬಾಟಲಿಗಳಿಗಂತೂ ಎಲ್ಲಿಯೂ ರೆಫ್ರಿಜರೇಟರಿಗೆ ಬದಲಿಯಾಗದು.

ವೃದ್ಧರಲ್ಲಿ ಅನೇಕರಿಗೆ ತಾವು ನುಂಗುವ ಗುಳಿಗೆಯ ಹೆಸರು ತಿಳಿಯದು. ಕೆಲವರಿಗೆ ನುಂಗಿದ ನೆನಪೂ ಇರದು. ತಪ್ಪಾಗಿದೆಯೆಂದು ಹೇಳುವ ಶಕ್ತಿ ಅವರಿಗಿಲ್ಲದಿದ್ದಾಗ ಅವರ ಪರವಾಗಿ ಮಾತನಾಡಬಲ್ಲದ್ದು ಸರಿಯಾದ ಒಂದು ಲೆಕ್ಕವೇ. ನಿಮ್ಮ ಮನೆಯಲ್ಲಿಯೇ ಹಿರಿಯರೊಬ್ಬರಿದ್ದರೆ ಈ ವಾರವೇ ಅವರ ಔಷಧಗಳಿಗೆ ಇಂಥ ಒಂದು ಹಾಳೆಯನ್ನು ಮಾಡಿಕೊಡಬಹುದು. ಲೆಕ್ಕ ಹೊಂದದಿದ್ದರೆ ಪ್ರಮಾಣವನ್ನು ನೀವೇ ಹೆಚ್ಚುಕಡಮೆ ಮಾಡದೆ ವೈದ್ಯರಿಗೆ ತಿಳಿಸಿರಿ.

ಅಭ್ಯಾಸಕ್ಕಾಗಿ

1. ದಿನಕ್ಕೆ ಮೂರು ಗುಳಿಗೆ. ಆರಂಭದ ಶಿಲ್ಕು 12, ಬಂದದ್ದು 84. ಇಪ್ಪತ್ತು ದಿನಗಳಲ್ಲಿ 58 ಕೊಟ್ಟುದಕ್ಕೆ ರುಜುವಿದೆ. ನಿವಾಸಿಯು ಬೇಡವೆಂದ 2 ಗುಳಿಗೆಗಳನ್ನು ಎಸೆಯಲಾಗಿದೆ. ಎಣಿಸಿದರೆ 37 ಸಿಕ್ಕುತ್ತವೆ. ಏನಾಗಿರಬಹುದು?

2. ಪ್ರಚೋದನ ಶಕ್ತಿಯು ಮೋಲಿಗೆ 100 ಕಿಲೋಜೂಲ್ ಇರುವ ಔಷಧವು 30 ಡಿಗ್ರಿಗಿಂತ 40 ಡಿಗ್ರಿಯಲ್ಲಿ ಎಷ್ಟು ಪಟ್ಟು ಬೇಗ ಒಡೆಯುತ್ತದೆ? (ಅನಿಲ ನಿಯತಾಂಕ 8.314.)

3. ಗರಿಷ್ಠ ಕನಿಷ್ಠ ಉಷ್ಣಮಾಪಕವನ್ನು ಒಂದೊಂದು ವಾರ ಅಡಿಗೆಮನೆಯಲ್ಲಿಯೂ ಮಲಗುವ ಕೋಣೆಯಲ್ಲಿಯೂ ಇಟ್ಟು ದಿನವೂ ಗುರುತಿಸಿ. ಔಷಧವಿಡಲು ಯಾವುದು ತಕ್ಕ ಸ್ಥಳ?

ಉತ್ತರಗಳು: (1) ಉಳಿಯಬೇಕಾದದ್ದು 36, ಬಹುಶಃ ಒಂದು ಸಲ ರುಜು ಬಿದ್ದು ಗುಳಿಗೆಯು ಸೇರಿಲ್ಲ. (2) ಸುಮಾರು ಮೂರೂವರೆ ಪಟ್ಟು. (3) ನಿಮ್ಮ ಅಳತೆಯೇ ಉತ್ತರ.